ಎರಡನೇ ಸಲ ನೋಡದೆ

ಒಂದು ಕಾಲಕ್ಕೆ ನನ್ನ ಫೋನಿನಲ್ಲಿ ಮಗಳ ಫೋಟೋಗಳಿಗಿಂತ ಬೀಗದ ಫೋಟೋಗಳೇ ಹೆಚ್ಚಾಗಿದ್ದವು. ಆಂಧ್ರದ ಗಡಿಯೂರು ಆದೋನಿಯ ಒಂದು ಜೂನಿಯರ್ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಸಂಜೆ ಲ್ಯಾಬಿಗೆ ಬೀಗ ಹಾಕಿ, ಎಳೆದು ನೋಡಿ, ಒಂದು ಫೋಟೋ ತೆಗೆದುಕೊಂಡು ಹೊರಡುತ್ತಿದ್ದೆ. ಗೇಟಿನ ಹತ್ತಿರ ನಿಂತು ಫೋಟೋ ತೆರೆದರೆ, ಇದು ಇವತ್ತಿನದೋ ನಿನ್ನೆಯದೋ ಎಂಬ ಅನುಮಾನ. ಇವತ್ತಿನದೇ ಎಂದು ಖಚಿತವಾದರೆ, ಫೋಟೋ ತೆಗೆದ ಮೇಲೆ ಮತ್ತೆ ಬೀಗ ತೆಗೆದೆನೇನೋ ಎಂಬ ಅನುಮಾನ. ತಿರುಗಿ ಹೋಗುತ್ತಿದ್ದೆ. ಆಮೇಲೆ ಬಾಗಿಲ ಮೇಲೆ ಸೀಮೆಸುಣ್ಣದಿಂದ ಆ ದಿನದ ತಾರೀಖು ಬರೆದು, ಅದರ ಜೊತೆಗೆ ಬೀಗದ ಫೋಟೋ ತೆಗೆಯತೊಡಗಿದೆ. ನಮ್ಮ ಲ್ಯಾಬ್ ಅಟೆಂಡರ್ ದೇವದಾನಂ ಅದನ್ನು ನೋಡಿ, "ಏನ್ ಸಾರ್, ಬೀಗಕ್ಕ ಪೂಜಿ ಮಾಡಾಕತ್ತೀರೇನು? ಕುಂಕುಮ ತರ್ಲೇನ್ರಿ?" ಎಂದರು. ನಗಬೇಕಿತ್ತು. ನಗು ಬರಲಿಲ್ಲ.

ಇದನ್ನು ಬರೆಯುವ ಮೊದಲೇ ಒಂದು ಮಾತು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ನನ್ನ ಕಾಯಿಲೆಯೇ ಅದು. ಹಾಗಾಗಿ ಬರೆದದ್ದನ್ನು ಹೆಂಡತಿ ಶಾರದಾಳಿಗೆ ಓದಿ ಹೇಳಿದ್ದೇನೆ. ಅವಳು ಒಪ್ಪದ ಕಡೆ ಹಾಗೆಂದೇ ಹೇಳುತ್ತೇನೆ.

ಶುರುವಾದದ್ದು ಒಂದು ಸಂಜೆ ಲ್ಯಾಬಿನಲ್ಲಿ ಗ್ಯಾಸ್ ವಾಸನೆ ಬಂದಾಗಿನಿಂದ. ಸಿಲಿಂಡರಿನ ವಾಲ್ವು ಪೂರ್ತಿ ಮುಚ್ಚಿರಲಿಲ್ಲ. ಕಿಟಕಿ ತೆರೆದೆವು, ಯಾರಿಗೂ ಏನೂ ಆಗಲಿಲ್ಲ. ವಾಸನೆ ಮೊದಲು ಹಿಡಿದದ್ದು ನಾನೇ ಎಂದು ನನ್ನ ನೆನಪು. ದೇವದಾನಂ ತಾವೇ ಮೊದಲು ಎನ್ನುತ್ತಾರೆ. ವಾಲ್ವು ಮುಚ್ಚದೆ ಬಿಟ್ಟದ್ದು ನಾನೋ, ಹುಡುಗರೋ, ಇವತ್ತಿಗೂ ಗೊತ್ತಿಲ್ಲ. ಆ ಗೊತ್ತಿಲ್ಲದ ಜಾಗ ನನ್ನೊಳಗೆ ಹಲ್ಲುನೋವಿನಂತೆ ಕೂತಿತು. ಮೊದಲು ಸಿಲಿಂಡರ್, ಆಮೇಲೆ ಆಸಿಡ್ ಇಡುವ ಬೀರು, ಆಮೇಲೆ ಬಾಗಿಲು, ಆಮೇಲೆ ಮನೆಯ ಒಲೆ. ಆರು ತಿಂಗಳಲ್ಲಿ ನಾನು ಮನೆ ತಲುಪುವ ಹೊತ್ತು ಎರಡು ಗಂಟೆ ತಡವಾಯಿತು. ಕೈ ನಡುಗತೊಡಗಿತು. ಪಾಠದ ನಡುವೆ ಎದೆ ಬಿಗಿದು, ಕಪ್ಪುಹಲಗೆ ಹಿಡಿದು ನಿಂತೆ.

ಆದೋನಿಯ ಡಾಕ್ಟರು ಇಸಿಜಿ ತೆಗೆಸಿದರು. ಎಲ್ಲ ಸರಿಯಿದೆ ಎಂದರು. "ಇನ್ನೊಮ್ಮೆ ತೆಗೆಸೋಣವೇ?" ಎಂದು ನಾನು ಕೇಳಿದೆ. ಅವರು ಕರ್ನೂಲಿನ ಒಬ್ಬ ಮನೋವೈದ್ಯೆಯ ಹೆಸರು ಬರೆದುಕೊಟ್ಟರು.

ಅದೇ ವಾರ ಪ್ರಿನ್ಸಿಪಾಲರು ಕರೆದು ಕೂಡಿಸಿ, ಒಳ್ಳೆಯ ಮಾತಿನಲ್ಲೇ ಹೇಳಿದರು: ಇನ್ನೆರಡು ತಿಂಗಳಿಗೆ ಪ್ರಾಕ್ಟಿಕಲ್ ಪರೀಕ್ಷೆ ಇದೆ, ಲ್ಯಾಬ್ ನಡೆಸುವವರು ಗಟ್ಟಿಯಿರಬೇಕು, ಅಲ್ಲಿಯತನಕ ರಜೆ ಹಾಕಿ ಸುಧಾರಿಸಿಕೊಳ್ಳಿ, ಆಗದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ. ನಾನು ಹದಿನಾಲ್ಕು ವರ್ಷದಿಂದ ನಿಂತ ಜಾಗ ಅದು. ಅಲ್ಲಿಯೇ ಒಂದು ಹಾಳೆ ಕೇಳಿ, ತಾರೀಖು ಹಾಕದ ರಾಜೀನಾಮೆ ಬರೆದು ಅವರ ಮುಂದಿಟ್ಟು ಬಂದೆ. ಆಗದೆ ಹೋದರೆ ಇರಲಿ ಎಂದು.

ಕರ್ನೂಲಿನ ಆಸ್ಪತ್ರೆಯಲ್ಲಿ ಕಾಯುವ ಜಾಗಕ್ಕೆ ಕಿಟಕಿ ಇರಲಿಲ್ಲ. ಎಲ್ಲರೂ ಇನ್ನೊಬ್ಬರಿಗಾಗಿ ಬಂದವರಂತೆ ಮುಖ ಮಾಡಿ ಕೂತಿದ್ದರು. ನಾನೂ ಹಾಗೇ ಕೂತೆ. ಪಕ್ಕದಲ್ಲಿದ್ದವನು ಗೋನೆಗಂಡ್ಲದ ಕಡೆಯ ಕುರಿ ಸಾಕುವವನು, ತಂಗಿಯನ್ನು ಕರೆತಂದಿದ್ದ. ಬುತ್ತಿ ಬಿಚ್ಚಿ, ಕೇಳದೆಯೇ ಅರ್ಧ ಜೋಳದ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ನನ್ನ ಕೈಗಿಟ್ಟ.

"ನಿಮಗೇನಾಗೈತ್ರಿ?" ಎಂದ.

ಹೇಳಿದೆ. ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದ್ದು ಯಾಕೋ ತಿಳಿಯದು. ಬಹುಶಃ ಮತ್ತೆ ನೋಡುವುದಿಲ್ಲವೆಂದು.

"ನಾ ಸಂಜಿಗೆ ಕುರಿ ಒಂದ ಸಲ ಎಣಿಸ್ತೀನ್ರಿ," ಎಂದ ಅವನು ರೊಟ್ಟಿ ಮುರಿಯುತ್ತ. "ಎರಡನೇ ಸಲ ಎಣಿಸಂಗಿಲ್ಲ. ಎಣಿಸಿದ್ರ ಒಂದು ಕಮ್ಮಿ ಬರತೈತಿ. ಮೂರನೇ ಸಲ ಎಣಿಸಿದ್ರ ಒಂದು ಜಾಸ್ತಿ. ಕುರಿ ಅಷ್ಟ ಇರ್ತಾವು."

ಒಳಗೆ ಡಾಕ್ಟರಮ್ಮ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ನನ್ನ ನೆನಪು ಸರಿಯಾಗಿಯೇ ಇದೆ, ಅದರ ಮೇಲಿನ ನಂಬಿಕೆ ಸವೆದಿದೆ, ನೋಡಿದಷ್ಟೂ ಸವೆಯುತ್ತದೆ. ಮಾತ್ರೆ ಬರೆದರು. ಜೊತೆಗೆ ಒಂದು ಅಭ್ಯಾಸ: ಒಂದೇ ಸಲ ನೋಡುವುದು, ಎರಡನೇ ಸಲ ಹೋಗಬೇಕೆನಿಸಿದಾಗ ಹೋಗದೆ, ಆ ಸಂಕಟ ಇಳಿಯುವವರೆಗೆ ಸುಮ್ಮನೆ ಕೂರುವುದು.

ಮೂರು ವಾರ ನನಗೆ ಅದು ಆಗಲಿಲ್ಲ. ಅನಾಹುತ ಆಗುವ ಸಂಭವ ಕಡಿಮೆ ಎಂದು ಗೊತ್ತಿತ್ತು. ಕಡಿಮೆ ಎಂದರೆ ಸೊನ್ನೆ ಅಲ್ಲ ಎಂಬುದೂ ಗೊತ್ತಿತ್ತು. ಓದಿದವನ ಕಷ್ಟ ಅದು. ನಾನು ನೋಡದಿದ್ದರೆ ನೋಡುವವರು ಯಾರು? ಆ ಪ್ರಶ್ನೆಗೆ ಮಾತ್ರೆಯಲ್ಲಿ ಉತ್ತರ ಇರಲಿಲ್ಲ. ರಜೆಯಲ್ಲಿದ್ದರೂ ದಿನಾ ಸಂಜೆ ಕಾಲೇಜಿಗೆ ಹೋಗಿ ಬೀಗ ಎಳೆದು ಬರುತ್ತಿದ್ದೆ. ಚಾವಿ ದೇವದಾನಂ ಹತ್ತಿರ ಇತ್ತು, ಅದೇ ನನಗೆ ಹೆಚ್ಚಿನ ಸಂಕಟ. ಭಾನುವಾರ ಎಲ್ಲಕ್ಕಿಂತ ಕೆಟ್ಟ ದಿನ. ಕಾಲೇಜಿನಲ್ಲಿ ಯಾರೂ ಇರುವುದಿಲ್ಲ, ಏನಾದರೂ ಆದರೆ ನೋಡುವವರಿಲ್ಲ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಹೋಗುತ್ತಿದ್ದೆ. ಶಾರದಾ ನಾಲ್ಕು ಸಲ ಎನ್ನುತ್ತಾಳೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ಅಮ್ಮ ಉರುಕುಂದ ಈರಣ್ಣನಿಗೆ ಹರಕೆ ಹೊತ್ತಳು. ಹತ್ತಿ ಮಾರ್ಕೆಟ್ಟಿನಲ್ಲಿ ವ್ಯಾಪಾರ ಮಾಡುವ ನನ್ನ ಅಣ್ಣ ಶಂಕರಪ್ಪ, "ಮಲ್ಲಾ, ನಿನಗ ಕೆಲಸ ಕಮ್ಮಿ ಆಗೈತಿ, ಅದಕ್ಕ ಇದು. ನಾಕು ದಿನ ನನ್ನ ಹಿಂದ ಮಾರ್ಕೆಟ್ಟಿನಾಗ ತಿರುಗು, ಬೀಗ ಅಲ್ಲ ನಿನ್ನ ಹೆಸರು ಸೈತ ಮರೀತೀದಿ" ಎಂದ. ನಾನು ಒಲೆಯ ನಾಬ್ ಐದನೇ ಸಲ ಮುಟ್ಟುವಾಗ ಶಾರದಾ ಅಡುಗೆಮನೆಯಿಂದ ಹೊರಗೆ ಹೋಗುತ್ತಿದ್ದಳು. ಅದು ನನಗೆ ಎಲ್ಲರ ಮಾತಿಗಿಂತ ಹೆಚ್ಚು ಚುಚ್ಚುತ್ತಿತ್ತು.

ಒಂದು ಶನಿವಾರ ದೇವದಾನಂ ನನ್ನನ್ನು ಲ್ಯಾಬಿನ ಬಾಗಿಲಲ್ಲೇ ಹಿಡಿದರು.

"ನಾಳೆ ಆದಿವಾರ. ನಮ್ಮೂರಿಗೆ ಬರ್ರಿ ಸಾರ್. ಇಲ್ಲಿ ಕುಂತ್ರ ನೀವು ಬೀಗ ಸವೆಸಿಬಿಡ್ತೀರಿ."

ಅವರ ಊರು ಕೌತಾಳಂ ಕಡೆ, ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಲ್ಲಿ ಅವರದೊಂದು ಚಿಕ್ಕ ಚರ್ಚು. ನಾನು ಯಾವ ಗುಡಿಗೂ ಹೋಗದವನು, ದೇವರ ಮಾತು ಬಂದರೆ ಪುರಾವೆ ಕೇಳುವವನು. ನಮ್ಮದು ಕೊರಳಲ್ಲಿ ಲಿಂಗವಿರುವ ಮನೆ.

"ಅಲ್ಲಿ ಬಂದು ನಾನೇನು ಮಾಡಲಿ ದೇವದಾನಂ?"

"ಏನೂ ಮಾಡಬ್ಯಾಡ್ರಿ. ಅದೇ ಅಲ್ಲಿ ಕೆಲಸ."

ಮನೆಯಲ್ಲಿ ಹೇಳಿದಾಗ ಅಣ್ಣ ಸಿಡುಕಿದ. "ನಾವು ಲಿಂಗ ಕಟ್ಟಿದ ಮಂದಿ. ಜನ ಏನಂತಾರ?"

ಅಮ್ಮ ಅಕ್ಕಿ ಆರಿಸುತ್ತ ತಲೆಯೆತ್ತದೆ ಹೇಳಿದಳು: "ಜನ ಬಂದು ಇವನ ಕೈ ನಡುಗೋದು ನಿಲ್ಲಿಸ್ತಾರೇನು? ಎಲ್ಲಿ ನೆಮ್ಮದಿ ಆಗತೈತೋ ಅಲ್ಲಿ ಹೋಗಿಬರಲಿ ಬಿಡು."

ಚರ್ಚು ಎಂದರೆ ತಗಡಿನ ಮಾಡು, ನೆಲಕ್ಕೆ ಚಾಪೆ, ಒಂದು ಕಡೆ ಗಂಡಸರು, ಒಂದು ಕಡೆ ತಲೆಯ ಮೇಲೆ ಸೆರಗು ಹೊದ್ದ ಹೆಂಗಸರು. ಪಾದ್ರಿಯನ್ನು ಎಲ್ಲರೂ ಅಯ್ಯಗಾರು ಎನ್ನುತ್ತಿದ್ದರು. ವಾರದ ಉಳಿದ ದಿನ ಅವರು ಆಟೋ ಓಡಿಸುತ್ತಾರೆ. ಹಾಡು ತೆಲುಗಿನಲ್ಲಿ, ಸಂದೇಶ ಅರ್ಧ ತೆಲುಗು ಅರ್ಧ ಕನ್ನಡ. ಅವರು ಏನು ಹೇಳಿದರೆಂದು ನನಗೆ ನೆನಪಿಲ್ಲ. ಆ ಹೊತ್ತೆಲ್ಲ ನನ್ನ ಮನಸ್ಸು ಆದೋನಿಯ ಲ್ಯಾಬಿನ ಬಾಗಿಲಲ್ಲಿತ್ತು.

ಕೊನೆಗೆ ಒಂದು ಸ್ಟೀಲ್ ಡಬ್ಬಿ ಬಂತು. ಅದು ಆ ಚರ್ಚಿನದೇ ಪದ್ಧತಿ, ಬೇರೆ ಕಡೆ ನಾನು ಕಂಡಿಲ್ಲ. ಪ್ರತಿಯೊಬ್ಬರೂ ತಮ್ಮ ಭಾರವನ್ನು ಹೆಸರಿಲ್ಲದೆ ಒಂದು ಚೀಟಿಯಲ್ಲಿ ಬರೆದು ಹಾಕುತ್ತಾರೆ. ಆಮೇಲೆ ಡಬ್ಬಿ ಮತ್ತೊಂದು ಸುತ್ತು ಬರುತ್ತದೆ, ಆಗ ಒಬ್ಬೊಬ್ಬರು ಒಂದೊಂದು ಚೀಟಿ ಎತ್ತಿಕೊಳ್ಳುತ್ತಾರೆ. ಕೈಗೆ ಬಂದದ್ದಕ್ಕಾಗಿ ವಾರವಿಡೀ ಪ್ರಾರ್ಥನೆ ಮಾಡಬೇಕು. ಮುಂದಿನ ಭಾನುವಾರ ಅದನ್ನು ತಂದು ಒಪ್ಪಿಸಬೇಕು.

"ತಮ್ಮದು ತಾವೇ ಕೇಳಿಕೊಳ್ಳಬಾರದೇ?" ಎಂದು ದೇವದಾನಂ ಕಿವಿಯಲ್ಲಿ ಕೇಳಿದೆ.

"ನಮ್ಮದು ನಾವ ಹಿಡಕೊಂಡು ಕುಂತ್ರ ಅದು ಪ್ರಾರ್ಥನಿ ಆಗಂಗಿಲ್ಲ ಸಾರ್, ಫಿಕರ್ ಆಗತೈತಿ, ಬರೇ ಚಿಂತಿ. ಇದರಾಗ ಹಾಕಿದ್ಮ್ಯಾಲೆ ಅದು ನಿಮ್ಮದಲ್ಲ. ಮತ್ತ ಕೈ ಹಾಕಂಗಿಲ್ಲ."

ನಾನು ಬರೆದೆ. ಮಡಚಿ ಜೇಬಿಗಿಟ್ಟೆ. ಡಬ್ಬಿ ಬಂದಾಗ ಹಾಕಿದೆ. ಡಬ್ಬಿ ಮೂರು ಜನ ದಾಟುವುದರೊಳಗೆ ಆ ಹಳೆಯ ಅನುಮಾನ ಶುರುವಾಯಿತು. ಹಾಕಿದೆನೋ ಇಲ್ಲವೋ? ಏಳಲು ನೆಲಕ್ಕೆ ಕೈಯೂರಿದೆ. ದೇವದಾನಂ ಮುಂದೆ ನೋಡುತ್ತಲೇ ನನ್ನ ಮೊಣಕೈ ಹಿಡಿದುಕೊಂಡರು. ಕೂತೆ. ಡಾಕ್ಟರಮ್ಮ ಹೇಳಿದಂತೆ ಆ ಸಂಕಟ ಏರಿ, ನಿಂತು, ಇಳಿಯುವುದನ್ನು ಮೊದಲ ಸಲ ನೋಡಿದೆ. ಎರಡನೇ ಸುತ್ತಿನಲ್ಲಿ ನನಗೆ ಬಂದ ಚೀಟಿಯಲ್ಲಿ ಮಕ್ಕಳ ಅಕ್ಷರದ ತೆಲುಗಿನಲ್ಲಿ ಇಷ್ಟೇ ಇತ್ತು: ನಮ್ಮ ಎಮ್ಮೆ ಎದ್ದು ನಿಲ್ಲಬೇಕು.

ಆ ವಾರ ವಿಚಿತ್ರವಾದ ವಾರ. ಸೋಮವಾರ ಸಂಜೆ ಕಾಲೇಜಿನ ಕಡೆ ಹೊರಟವನು ರಸ್ತೆಯ ತಿರುವಿನಿಂದ ವಾಪಸು ಬಂದೆ. ಮಂಗಳವಾರ ಚಪ್ಪಲಿ ಹಾಕಿಕೊಂಡು ಬಿಚ್ಚಿದೆ. ನನ್ನ ಚೀಟಿ ಯಾರದೋ ಕೈಯಲ್ಲಿದೆ, ಅವರು ನೋಡಿಕೊಳ್ಳುತ್ತಿದ್ದಾರೆ, ಅವರು ಹೇಳಿದ್ದನ್ನು ಕೇಳಿಸಿಕೊಳ್ಳುವವನೂ ಒಬ್ಬ ಇರಬಹುದು. ಅಷ್ಟೇ ನನ್ನ ನಂಬಿಕೆ, "ಇರಬಹುದು" ಎಂಬಷ್ಟು. ಅದೂ ಸಾಕಾಯಿತು. ನನಗೋ ಎಮ್ಮೆಯ ಕೆಲಸ ಇತ್ತು. ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ, "ಯೇಸುವೇ, ನನಗೆ ಇದೆಲ್ಲ ಗೊತ್ತಿಲ್ಲ. ಆ ಎಮ್ಮೆ ಏಳಲಿ" ಎನ್ನುತ್ತಿದ್ದೆ. ಎಮ್ಮೆಯ ಬಗ್ಗೆ ಯೋಚಿಸುವಾಗ ನಾನು ಬೀಗದ ಬಗ್ಗೆ ಯೋಚಿಸುತ್ತಿರಲಿಲ್ಲ. ಬುಧವಾರದಿಂದ ಕಾಲೇಜಿನ ದಾರಿ ಹಿಡಿಯಲೇ ಇಲ್ಲ. ಮಧ್ಯಾಹ್ನ ಊಟವಾದ ಮೇಲೆ ಚಾಪೆಯ ಮೇಲೆ ಒರಗಿದವನು ನಿದ್ದೆ ಹೋದೆ. ಶಾರದಾ ಫ್ಯಾನು ಜಾಸ್ತಿ ಮಾಡಿ ಬಾಗಿಲು ಎಳೆದುಕೊಂಡಳಂತೆ.

ಭಾನುವಾರ ಬೆಳಿಗ್ಗೆ ಅವಳು ಬಟ್ಟೆ ನೆನೆಸುವಾಗ ಕೇಳಿದಳು: "ರೀ, ನಿಮ್ಮ ಹೋದ ವಾರದ ಅಂಗಿ ಜೇಬಿನಾಗ ಇದೇನೋ ಮಡಚಿದ ಚೀಟಿ ಐತ್ರಿ. ಬೇಕೇನು?"

ನಾನು ಬರೆದ ಚೀಟಿ.

ಕಟ್ಟೆಯ ಮೇಲೆ ಕೂತೆ. ಹಾಗಾದರೆ ಡಬ್ಬಿಗೆ ಹಾಕಿದ್ದೇನು? ಬಸ್ಸಿನ ಟಿಕೆಟ್ ಇರಬೇಕು. ಎರಡೂ ಒಂದೇ ಜೇಬಿನಲ್ಲಿದ್ದವು, ಎರಡನ್ನೂ ಮಡಚಿದ್ದೆ. ವಾರವಿಡೀ ಯಾರೂ ನನಗಾಗಿ ಏನೂ ಕೇಳಿಕೊಂಡಿರಲಿಲ್ಲ. ನಾನು ಬರಿಗಾಳಿಯ ಮೇಲೆ ಮಲಗಿ ನಿದ್ದೆ ಮಾಡಿದ್ದೆ. ಇನ್ನೂ ಕೆಟ್ಟದ್ದು: ಹಾಕಿದೆನೋ ಇಲ್ಲವೋ ಎಂದು ನಾನು ಅನುಮಾನಪಟ್ಟದ್ದು ಸರಿಯಾಗಿತ್ತು. ಒಂದೇ ಒಂದು ಸಲ ಎದ್ದು ನೋಡದೆ ಕೂತೆ, ಆ ಸಲವೇ ತಪ್ಪಾಗಿತ್ತು. ಶಾರದಾಳಿಗೆ ಎಲ್ಲ ಹೇಳಿದೆ.

"ಹೋಗಬ್ಯಾಡ್ರಿ ಹಂಗಾದ್ರ," ಎಂದಳು ಶಾರದಾ.

ಹೋದೆ. ಧೈರ್ಯದಿಂದಲ್ಲ. ಚೀಟಿಯನ್ನು ಸರಿಯಾದ ಜಾಗಕ್ಕೆ ಸೇರಿಸಿ ಬರಬೇಕಿತ್ತು, ಬೀಗ ಸರಿಮಾಡಲು ಹೋಗುವವನ ಹಾಗೆ.

ಹಾಡು ಮುಗಿದು, ಹಿಂದಿನ ವಾರದ ಚೀಟಿ ಒಪ್ಪಿಸುವ ಹೊತ್ತು ಬಂತು. ಹೆಂಗಸರ ಕಡೆಯಿಂದ ಒಬ್ಬ ಮುದುಕಿ ಎದ್ದಳು. ಕರುಣಮ್ಮ, ಎಲ್ಲರ ಬಾಯಲ್ಲಿ ಕರುಣವ್ವ. ಸೆರಗಿನ ಗಂಟು ಬಿಚ್ಚಿ ಒಂದು ತೆಳು ಕಾಗದ ಎತ್ತಿ ಹಿಡಿದಳು.

"ಯಾರದಪ್ಪಾ ಇದು ಬಸ್ಸಿನ ಟಿಕೀಟು?"

ಶೆಡ್ಡಿನ ತುಂಬ ನಗು. ಅಯ್ಯಗಾರು ಕೇಳಿದರು: "ಅವ್ವಾ, ಅದು ಟಿಕೀಟು ಅಂತ ನಿನಗ ಯಾರು ಹೇಳಿದ್ರು?"

"ಯಾಕ, ಅಕ್ಷರ ಬರಂಗಿಲ್ಲಂತ ಕಣ್ಣೂ ಇಲ್ಲೇನು ನನಗ? ನಾ ಬಸ್ ಹತ್ತಿಲ್ಲೇನು?" ಮುದುಕಿ ಗದರಿದಳು. "ನನ್ಹಂಗ ಬರಿಯಾಕ ಬರದಿದ್ದಾವ ಯಾರೋ ಪಾಪ, ಇದ್ದದ್ದು ಹಾಕ್ಯಾನ ಅನ್ಕೊಂಡೆ. ನನಗ ಓದಾಕ ಬರಂಗಿಲ್ಲ, ದೇವರಿಗೆ ಬರತೈತಲ್ಲ!"

ನಾನು ಎದ್ದು ನಿಂತೆ. ಆ ಶೆಡ್ಡಿನಲ್ಲಿ ಎಲ್ಲರಿಗಿಂತ ಹೆಚ್ಚು ಓದಿದವನು ಬಹುಶಃ ನಾನೇ. "ಅದು ನನ್ನದು ಅವ್ವಾ. ತಪ್ಪಿ ಹಾಕಿದೆ. ಬರೆದದ್ದು ಇಲ್ಲೇ ಉಳಿಯಿತು," ಎಂದು ಚೀಟಿ ತೋರಿಸಿದೆ.

"ಏನು ಬರದೀದಿ, ಓದು ನೋಡೋಣ."

ಓದಿದೆ. ಬರೆದದ್ದು ಇದು: ನೀನು ಇರುವುದಾದರೆ, ನನ್ನ ಬದಲು ನೀನು ಕಾವಲು ನೋಡಿಕೋ. ನನಗೆ ಸಾಕಾಗಿದೆ.

ಕರುಣವ್ವ ಟಿಕೆಟ್ಟನ್ನೂ ನನ್ನನ್ನೂ ನೋಡಿದಳು. "ನಾನೂ ಅದನ್ನ ಕೇಳೀನಲ್ಲೋ ಮಗನ. ದಿನಾ ಮುಂಜಾನೆ ಇದನ್ನ ಅಂಗೈಯಾಗ ಇಟ್ಕೊಂಡು, 'ತಂದಿ, ಯಾರೋ ದಾರಿಯಾಗ ಅದಾನ. ಅವನ್ನ ಕಾಯಿ, ಮನಿ ಮುಟ್ಟಿಸು' ಅಂದೀನಿ. ಮುಟ್ಟಿದಿಯೋ ಇಲ್ಲೋ?"

ನಾನು ನಕ್ಕೆ ಎಂದು ನನ್ನ ನೆನಪು. ಅತ್ತಿರಿ ಎಂದು ದೇವದಾನಂ ಹೇಳುತ್ತಾರೆ.

ದಾರಿಯಲ್ಲಿರುವವನಿಗೆ ಮನೆ ಮುಟ್ಟಲಿ ಎಂದು ಯಾರು ಬೇಕಾದರೂ ಕೇಳಿಕೊಂಡಾರು, ಅದು ಯಾರಿಗೆ ಬೇಕಾದರೂ ಹೊಂದೀತು. ನನ್ನೊಳಗಿನ ಮೇಷ್ಟ್ರು ಅದನ್ನು ಆಗಲೇ ಹೇಳಿದ, ಈಗಲೂ ಹೇಳುತ್ತಾನೆ. ಇರಲಿ. ನಾನು ಸರಿಯಾಗಿ ಮಾಡಿದರೆ ಮಾತ್ರ ಎಲ್ಲ ನಿಲ್ಲುತ್ತದೆ, ನನ್ನ ಕೈ ತಪ್ಪಿದರೆ ಎಲ್ಲ ಬೀಳುತ್ತದೆ ಎಂಬುದೇ ನನ್ನ ಕಾಯಿಲೆಯ ಬೇರು. ಇಲ್ಲಿ ನನ್ನ ಕೈ ತಪ್ಪಿತ್ತು. ಕೇಳಿಕೊಳ್ಳುವುದನ್ನೂ ನಾನು ಸರಿಯಾಗಿ ಮಾಡಿರಲಿಲ್ಲ. ಆದರೂ ಒಂದು ವಾರ ಪೂರ್ತಿ, ನನ್ನ ಹೆಸರೂ ಗೊತ್ತಿಲ್ಲದ ಒಬ್ಬಳು ನನ್ನನ್ನು ಅಂಗೈಯಲ್ಲಿಟ್ಟುಕೊಂಡಿದ್ದಳು. ಅವಳ ಹಿಂದೆ ಇನ್ನೂ ದೊಡ್ಡದೊಂದು ಅಂಗೈ ಇದೆ ಎಂದು ನಂಬಲು ಅವತ್ತು ನನಗೆ ಪುರಾವೆ ಬೇಕೆನಿಸಲಿಲ್ಲ.

ಎಮ್ಮೆ ಬುಧವಾರವೇ ಸತ್ತಿತ್ತು, ಅದು ಯಾರದೆಂದು ದೇವದಾನಂ ಹೇಳಿದರು. ಅದನ್ನೂ ಬರೆಯಬೇಕು. ಅದರ ಯಜಮಾನ ಯೋಸೇಪು ಚರ್ಚಿನ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ನಾನು ಹೋಗಿ ಚೀಟಿ ಕೊಟ್ಟು, "ನನ್ನ ಪ್ರಾರ್ಥನೆ ನಡೆಯಲಿಲ್ಲ" ಎಂದೆ. ಆತ ಚೀಟಿಯನ್ನು ನೋಡಿ, "ಹುಡುಗಿ ಬರದಿದ್ಲು ಸಾರ್, ನನ್ನ ಮಗಳು" ಎಂದ. ಆಮೇಲೆ, "ಪರವಾಲೇದು, ಇರಲಿ ಬಿಡ್ರಿ. ನೀವು ಕೇಳ್ಕೊಂಡ್ರಲ್ಲ. ನಾವು ಒಬ್ಬಂಟಿ ಇದ್ದಿಲ್ಲಲ್ಲ" ಎಂದು ನನ್ನ ಕೈ ಹಿಡಿದುಕೊಂಡ. ಅಂದಿನಿಂದ ನಾನು ದೇವರನ್ನು ಎಮ್ಮೆ ಎಬ್ಬಿಸುವ ಯಂತ್ರ ಎಂದುಕೊಂಡಿಲ್ಲ.

ಮಾತ್ರೆ ಬಿಡಲಿಲ್ಲ. ಅಯ್ಯಗಾರು ಮೊದಲೇ ಹೇಳಿದ್ದರು: "ಡಾಕ್ಟರ್ನ ಕಳಿಸಿದಾವನೂ ಅವನ. ಮಾತ್ರಿ ಬಿಟ್ಟೀರಿ, ಜ್ವಾಕಿ!" ಆ ಮಾತ್ರೆಗಳನ್ನು ತಿಂಗಳಿಗೊಮ್ಮೆ ಕರ್ನೂಲಿನಿಂದ ತರುವವನು ನನ್ನ ಅಣ್ಣ. ಚರ್ಚಿನ ಮಾತು ಅವನು ಇನ್ನೂ ಎತ್ತುವುದಿಲ್ಲ. ಭಾನುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬೈಕಿನಲ್ಲಿ ಬಿಟ್ಟು ತಿರುಗಿ ಹೋಗುತ್ತಾನೆ. ಅಮ್ಮ ತನ್ನ ಹರಕೆ ತೀರಿಸಿ ಬಂದಳು. ನಾನೂ ಜೊತೆಗೆ ಹೋಗಿದ್ದೆ.

ರಜೆ ಮುಗಿಸಿ ಹೋದ ದಿನ ಚಾವಿಯನ್ನು ದೇವದಾನಂ ಹತ್ತಿರವೇ ಬಿಟ್ಟೆ. ಪ್ರಾಕ್ಟಿಕಲ್ ಪರೀಕ್ಷೆಗಳು ನಡೆದವು. ಹೊರಗಿನಿಂದ ಬಂದ ಪರೀಕ್ಷಕರು, ಬರ್ನರುಗಳು, ಗಾಬರಿಯಲ್ಲಿ ಪಿಪೆಟ್ ಒಡೆದ ಹುಡುಗಿ, ಎಲ್ಲ ಇತ್ತು. ಕೊನೆಯ ತಂಡ ಮುಗಿದ ಮೂರನೆಯ ದಿನ ಮನೆಯಲ್ಲಿ ಚಹಾ ಕುಡಿಯುವಾಗ ಹೊಳೆಯಿತು: ಆ ದಿನಗಳಲ್ಲಿ ಒಮ್ಮೆಯೂ ನಾನು ಗೇಟಿನಿಂದ ವಾಪಸು ಹೋಗಿರಲಿಲ್ಲ. ಹೋಗಬಾರದೆಂದು ಹಲ್ಲು ಕಚ್ಚಿ ತಡೆದದ್ದಲ್ಲ, ಸುಮ್ಮನೆ ಹೋಗಿರಲಿಲ್ಲ. ಮತ್ತೆ ಆ ಅನುಮಾನ ಬರುವುದೇ ಇಲ್ಲ ಎಂದಲ್ಲ. ಬಂದಾಗ ಒಂದು ಮಾತು ಹೇಳಿ ಕೂರುತ್ತೇನೆ: ಯೇಸುವೇ, ಇದು ಈಗ ನಿನ್ನ ಪಾಳಿ.

ಪ್ರಿನ್ಸಿಪಾಲರು ವರಾಂಡದಲ್ಲಿ ಸಿಕ್ಕರು. "ಸಾರ್, ನಿಮ್ಮ ಆ ಲೆಟರು ಇನ್ನೂ ನನ್ನ ಡ್ರಾಯರ್‌ನಾಗ ಐತಿ. ಏನು ಮಾಡ್ಲಿ?"

"ಹರಿದುಬಿಡ್ರಿ ಸಾರ್."

"ಹರಿದೀನೋ ಇಲ್ಲೋ ಅಂತ ನೋಡಾಕ ಬರ್ತೀರೇನು?"

"ಬರಂಗಿಲ್ಲ," ಎಂದೆ. ಹೋಗಲಿಲ್ಲ.

ವಾಸಿಯಾದವರು ಎದ್ದು ನಿಂತು ಎಲ್ಲರ ಮುಂದೆ ಸಾಕ್ಷಿ ಹೇಳುವುದು ಆ ಚರ್ಚಿನ ವಾಡಿಕೆ. ಹೋದ ತಿಂಗಳು ಅಯ್ಯಗಾರು ನನ್ನನ್ನು ಕರೆದರು. ನನಗೆ ದೊಡ್ಡ ಕಷ್ಟ. ಮುಂಚೆ ಎದ್ದವರು ಯಾವ ದಿನ, ಯಾವ ಹೊತ್ತಿಗೆ ದೇವರು ಮುಟ್ಟಿದನೆಂದು ಹೇಳಿದ್ದರು. ನನಗೆ ಅಂಥ ಹೊತ್ತು ಗೊತ್ತಿಲ್ಲ. ಎದ್ದು ನಿಂತು ಇದ್ದದ್ದನ್ನು ಹೇಳಿದೆ: "ಮಾತ್ರೆ ಯಾವಾಗ ಹಿಡಿಯಿತು, ಪ್ರಾರ್ಥನೆ ಯಾವಾಗ ಹಿಡಿಯಿತು, ನನಗೆ ಬೇರ್ಪಡಿಸಲು ಬರುವುದಿಲ್ಲ. ನನ್ನ ನೆನಪು ಅಷ್ಟು ಗಟ್ಟಿಯಲ್ಲ. ಮುಂಚೆ ಎಲ್ಲವನ್ನೂ ನಾನೇ ಕಾಯುತ್ತಿದ್ದೆ. ಈಗ ನನ್ನನ್ನು ಕಾಯುವವನಿದ್ದಾನೆ ಎಂದು ನಂಬಿದ್ದೇನೆ. ರಾತ್ರಿ ನಿದ್ದೆ ಬರುತ್ತದೆ. ಇಷ್ಟೇ ಗೊತ್ತು."

ಸಾಕ್ಷಿ ಕೆಡಿಸಿದೆ ಎಂದುಕೊಂಡೆ. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಕರುಣವ್ವನ ದನಿ ಬಂತು.

"ಅಷ್ಟು ಓದಿದಾವ, ಇಷ್ಟೇನಾ ನಿನಗ ಗೊತ್ತಿರೋದು?"

"ಇಷ್ಟೇ ಅವ್ವಾ."

"ಸಾಕು ಬಿಡು. ಕುಂದ್ರು."

ಕೂತೆ.